ಸ್ವಾಗತದ ಬಕೆಟ್ಟು

ತೆಲ್ಮಾ ಬಾಲ್ಕನಿಯ ಮೂಲೆಯಲ್ಲಿದ್ದ ಬಕೆಟ್ಟಿನ ಮುಚ್ಚಳ ತೆಗೆದು, ಬೆಳಗಿನ ಕಾಫಿ ಚರಟ, ಒಡೆದ ಎರಡು ಮೊಟ್ಟೆ, ಒಡೆದುಹೋಗಿದ್ದ ಹಾಲು ಎಲ್ಲವನ್ನೂ ಅದರೊಳಗೆ ಸುರಿದಳು. ಒಳಗಿಂದ ಎದ್ದ ನಾತಕ್ಕೆ ವಿಯೊಲೆತಾ ಬಾಯಿಗಿಟ್ಟಿದ್ದ ಬ್ರೆಡ್ಡನ್ನು ಹಾಗೇ ತಟ್ಟೆಗೆ ವಾಪಸ್ಸಿಟ್ಟಳು.

"ಹನ್ನೆರಡು ದಿನದ ಸರಕು ಕಣೇ," ಎಂದಳು ತೆಲ್ಮಾ, ಉಪ್ಪಿನಕಾಯಿ ಜಾಡಿ ತೋರಿಸುವವಳ ಹಾಗೆ. "ಇನ್ನೆರಡು ದಿನ ಬಿಟ್ರೆ ಸೋಮವಾರಕ್ಕೆ ಸರಿಯಾಗಿ ಹದಕ್ಕೆ ಬರುತ್ತೆ."

ಸೋಮವಾರ ವಿಶ್ವವಿದ್ಯಾಲಯದಲ್ಲಿ ಹೊಸಬರ ಸ್ವಾಗತ ವಾರ ಶುರುವಾಗುವುದಿತ್ತು. ತೆಲ್ಮಾ ಮೂರನೇ ವರ್ಷದವಳು. ಕಪ್ಪು ನಿಲುವಂಗಿ ತೊಟ್ಟು ಓಡಾಡುವ ಹಕ್ಕಿದ್ದವಳು. ಓದುತ್ತಿರುವುದು ಏನೇ ಇರಲಿ, ಹೊಸಬರು ಅವಳಂಥವರನ್ನು 'ಡಾಕ್ಟರಮ್ಮ' ಎನ್ನಬೇಕು. ಅವರು ಮಾತ್ರ ಹೊಸಬರನ್ನು 'ಪ್ರಾಣಿ' ಎನ್ನುತ್ತಾರೆ. ಚೌಕದಲ್ಲಿ ಮಂಡಿಯೂರಿಸಿ, ಮನೆಯಲ್ಲಿ ಹಾಡಿದರೆ ಅಜ್ಜಿ ಪೊರಕೆ ಹಿಡಿದು ಬರುವಂಥ ಹಾಡು ಹಾಡಿಸಿ, ಕೊನೆಗೆ ಆರಿಸಿದ ಒಂದಿಬ್ಬರ ತಲೆಯ ಮೇಲೆ ಬಕೆಟ್ಟು ಬೋರಲು ಹಾಕುತ್ತಾರೆ. ಇದಕ್ಕೆಲ್ಲ ಸೇರಿ 'ಪ್ರಾಶ್' ಎಂದು ಹೆಸರು. ಪೋರ್ಚುಗಲ್ಲಿನಲ್ಲಿ ಓದಿದವರ ಮನೆಗಳಲ್ಲಿ ಮದುವೆ ಫೋಟೋದ ಪಕ್ಕದಲ್ಲೇ ಇದರ ಫೋಟೋವನ್ನೂ ತೂಗುಹಾಕಿರುತ್ತಾರೆ.

ವಿಯೊಲೆತಾ ಹೊಸಬಳು. ಬೆಟ್ಟದ ಸೀಮೆಯಿಂದ ವಾರದ ಹಿಂದಷ್ಟೇ ಬಂದು ದೊಡ್ಡಮ್ಮನ ಮಗಳ ಕೋಣೆಯಲ್ಲಿ ಇಳಿದುಕೊಂಡಿದ್ದಳು. ದಿನಾ ಫೋನು ಮಾಡುವ ಅಮ್ಮ ಹೇಳುತ್ತಿದ್ದುದು ಒಂದೇ ಮಾತು. "ತೆಲ್ಮಾ ಹೇಳಿದ ಹಾಗೆ ಕೇಳು ಮಗಳೇ. ಅವಳು ದಡ ಮುಟ್ಟಿಸ್ತಾಳೆ."

ತೆಲ್ಮಾ ದಡ ಮುಟ್ಟಿಸುವವಳೇ. "ನೀನು ನನ್ನ ತಂಗಿ. ನಿನ್ನ ತಲೆ ಮೇಲೆ ಬಕೆಟ್ ಬೀಳದ ಹಾಗೆ ನೋಡ್ಕೋತೀನಿ. ನಾನು ಹೇಳಿದ್ದಷ್ಟು ಮಾಡು, ಸಾಕು," ಎಂದು ಮಾತು ಕೊಟ್ಟಿದ್ದಳು. ಆ ಮಾತು ಕೇಳಿದ ರಾತ್ರಿ ವಿಯೊಲೆತಾಗೆ ಒಳ್ಳೆ ನಿದ್ದೆಯೂ ಬಂದಿತ್ತು. ಈಗ ಅದನ್ನು ನೆನೆದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಯಾಕೆಂದರೆ ಬಕೆಟ್ಟು ಯಾರ ಮೇಲೆ ಬೀಳಬೇಕೆಂಬುದು ತೀರ್ಮಾನವಾದದ್ದು ಇವಳ ಬಾಯಿಂದ.

ಕೆಳಗಿನ ಅಂತಸ್ತಿಗೆ ಜುಲ್ಮೀರಾ ಎಂಬ ಹುಡುಗಿ ಬಂದಿದ್ದಳು, ದಕ್ಷಿಣದ ಕಡಲ ಕರೆಯವಳು. ಅವಳೂ ಹೊಸಬಳೇ. ಬಟ್ಟೆ ಒಣಹಾಕುವಾಗ ಇಬ್ಬರಿಗೂ ಪರಿಚಯವಾಯಿತು. ಬಾಯಿ ತುಂಬ ಮಾತಾಡುವ ಹುಡುಗಿ. ಮಾತಾಡುತ್ತಾ ಆಡುತ್ತಾ ಒಂದು ಮಾತು ಹೇಳಿಬಿಟ್ಟಳು: "ನಮ್ಮಮ್ಮ ಬೂತಾಯಿ ಮೀನನ್ನ ಡಬ್ಬಿಗೆ ತುಂಬೋ ಕಾರ್ಖಾನೇಲಿ ಕೆಲಸ ಮಾಡ್ತಾಳೆ. ಶನಿವಾರ ನಾನೂ ಹೋಗ್ತಿದ್ದೆ. ಸೋಮವಾರ ಶಾಲೇಲಿ ನನ್ನ ಬೆಂಚಲ್ಲಿ ಯಾರೂ ಕೂತ್ಕೋತಿರ್ಲಿಲ್ಲ. ಎಷ್ಟು ನಿಂಬೆಹಣ್ಣು ಉಜ್ಜಿದ್ರೂ ಅಷ್ಟೇ. ಇಲ್ಲಿ ಯಾರಿಗೂ ಗೊತ್ತಿಲ್ಲ ನೋಡು, ಅದೇ ಒಂದು ಖುಷಿ."

ಅಯ್ಯೋ ಪಾಪ ಅನ್ನಿಸಿತ್ತು ವಿಯೊಲೆತಾಗೆ. ಊಟಕ್ಕೆ ಕೂತಾಗ ಆ ಪಾಪವನ್ನೇ ಅಕ್ಕನ ಮುಂದೆ ಬಿಚ್ಚಿಟ್ಟಳು. ತೆಲ್ಮಾ ಚಮಚ ಕೆಳಗಿಟ್ಟು, "ಬೂತಾಯಿ!" ಎಂದು ಮೇಜು ಕುಟ್ಟಿ ನಕ್ಕಳು. "ಹೆಸರೂ ಸಿಕ್ತು, ಆಳೂ ಸಿಕ್ತು!"

"ಅಕ್ಕಾ, ಬೇಡ. ನಾನು ಹೇಳಿದ್ದು ಅದಕ್ಕಲ್ಲ."

"ಲೇ, ನಾನು ಈ ಊರಿಗೆ ಬಂದಾಗ ಬೀದಿ ನಾಯೀನೂ ನನ್ನ ನೋಡಿ ಬೊಗಳ್ತಿರ್ಲಿಲ್ಲ," ಎಂದಳು ತೆಲ್ಮಾ. ಅವಳ ದನಿಯಲ್ಲಿ ಈಗ ನಗೆಯಿರಲಿಲ್ಲ. "ಮೂರು ದಿನ ಮೊಟ್ಟೆ ಹೊಡೆಸ್ಕೊಂಡು ಅತ್ತೆ. ನಾಲ್ಕನೇ ದಿನ ನಲವತ್ತು ಜನಕ್ಕೆ ನನ್ನ ಹೆಸರು ಗೊತ್ತಿತ್ತು. ಅಪೆಂಡಿಕ್ಸ್ ಆಪರೇಷನ್ ಆದಾಗ ಆಸ್ಪತ್ರೇಲಿ ಪಕ್ಕ ಕೂತಿದ್ದು ಯಾರು, ನಮ್ಮಮ್ಮನಾ? ಆ ಮೊಟ್ಟೆ ಹೊಡೆದೋರೇ. ಇದು ಸುಮ್ನೆ ಕೊಳಕಲ್ಲ ಕಣೇ. ನಮ್ಮೋರಾಗೋ ದಾರಿ ಇದು."

ಅಕ್ಕ ಹೇಳಿದ್ದು ಸುಳ್ಳಲ್ಲವಲ್ಲ.

ಆದ್ದರಿಂದಲೇ ಶನಿವಾರ ಮಧ್ಯಾಹ್ನ, ತೆಲ್ಮಾ ಕಳಿಸಿದಳೆಂದು, ಅವಳು ಮಾರುಕಟ್ಟೆಯಲ್ಲಿ ಮೀನು ಮಾರುವ ದೋನಾ ಅಲ್ಬರ್ತೀನಾಳ ಮುಂದೆ ಚೀಲ ಹಿಡಿದು ನಿಂತಿದ್ದಳು.

"ಕರುಳು, ತಲೆ ಎಲ್ಲಾ ಬೇಕಾ? ಬೆಕ್ಕಿಗಾ ಮಗಳೇ?"

"ಹೂಂ."

"ಎಷ್ಟು ಬೆಕ್ಕು?"

"ಒಂದು."

ದೋನಾ ಅಲ್ಬರ್ತೀನಾ ಎರಡು ಮೊರ ತುಂಬ ಸುರಿದು ಚೀಲ ಎತ್ತಿ ನೋಡಿದಳು. "ಇಷ್ಟು ತಿನ್ನೋದಾದ್ರೆ ಅದು ಬೆಕ್ಕಲ್ಲಮ್ಮ, ನಮ್ಮ ಪಾದ್ರಿಗಳಿರಬೇಕು."

ಸುತ್ತಲಿನವರು ನಕ್ಕರು. ವಿಯೊಲೆತಾ ಬಿಸಿಲಿನಲ್ಲಿ ಆ ಚೀಲ ಹೊತ್ತು ದಿಬ್ಬ ಹತ್ತಿದಳು. ಚೀಲದ ತಳದಿಂದ ಕೆಂಪು ನೀರು ತೊಟ್ಟಿಕ್ಕಿ ಅವಳ ಪಾದದ ಮೇಲೆ ಬೀಳುತ್ತಿತ್ತು. ನೊಣಗಳು ಜೊತೆಯಲ್ಲೇ ಬಂದವು. ಟ್ರಾಮಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು. ಸರಿದದ್ದು ತನ್ನನ್ನು ಕಂಡು ಎಂಬುದು ಅವಳಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು.

ಲಿಫ್ಟಿಲ್ಲದ ಕಟ್ಟಡ. ಎರಡನೇ ಅಂತಸ್ತಿನ ತಿರುವಿನಲ್ಲಿ ಬಾಗಿಲು ತೆರೆಯಿತು. ಜುಲ್ಮೀರಾ ಹೊರಗೆ ಬಂದು ಗಾಳಿ ಮೂಸಿದಳು.

"ಬಂಗುಡೆ ಕರುಳು," ಎಂದಳು. "ನಿನ್ನೆಯದು, ಅಲ್ವಾ?" ಹೇಳಿ ಆದಮೇಲೆ ತಾನೇ ನಾಚಿ ನಕ್ಕಳು. "ನೋಡು, ಬಿಟ್ರೂ ಬಿಡದು ಈ ವಿದ್ಯೆ. ಒಬ್ಳೇ ಹೊತ್ಕೊಂಡು ಬಂದ್ಯಾ? ಚೀಲ ಹರಿದುಹೋಗುತ್ತೆ. ತಾ, ತಳಕ್ಕೆ ನಾನು ಕೈ ಕೊಡ್ತೀನಿ."

"ಬೇಡ, ಕೊಳೆ…"

"ನನಗೇನು ಹೊಸದಾ ಮಾರಾಯ್ತಿ?"

ಜುಲ್ಮೀರಾ ಎರಡೂ ಅಂಗೈಯನ್ನು ಚೀಲದ ತಳಕ್ಕೆ ಕೊಟ್ಟಳು. ಯಾಕೆ, ಯಾರಿಗೆ ಎಂದು ಕೇಳಲಿಲ್ಲ. ಮೆಟ್ಟಿಲು ಹತ್ತುತ್ತಾ ಸೋಮವಾರದ ಮಾತು ತೆಗೆದಳು. ಅಮ್ಮ ಹೊಸ ಅಂಗಿ ಹೊಲಿಸಿ ಕಳಿಸಿದ್ದಾಳಂತೆ, ಅದನ್ನೇ ಹಾಕಿಕೊಂಡರೆ ಜಂಬ ಅಂದುಕೊಂಡಾರೇ ಎಂದು ಕೇಳಿದಳು. ಕೆಂಪು ನೀರು ಅವಳ ಮಣಿಕಟ್ಟಿನಿಂದ ಮೊಣಕೈವರೆಗೆ ಹರಿದಿತ್ತು. ತನ್ನ ತಲೆಯ ಮೇಲೆ ಬೀಳಬೇಕಾದ ಹೊಲಸನ್ನು ಈ ಹುಡುಗಿ ತಾನೇ ಕೈಯೊಡ್ಡಿ ಹೊರುತ್ತಿದ್ದಾಳೆ.

ಮೂರನೇ ಅಂತಸ್ತಿನ ಬಾಗಿಲ ಮುಂದೆ ವಿಯೊಲೆತಾ ನಿಂತುಬಿಟ್ಟಳು.

"ಇದು ಬೆಕ್ಕಿಗಲ್ಲ ಜುಲ್ಮೀರಾ. ನಿನಗೆ. ಸೋಮವಾರ ನಿನ್ನ ತಲೆ ಮೇಲೆ ಹುಯ್ಯೋಕೆ. ನಿಮ್ಮಮ್ಮನ ಕೆಲಸದ ವಿಷಯ ಅಕ್ಕನಿಗೆ ಹೇಳಿದ್ದು ನಾನೇ. ನಿನಗೆ ಬೂತಾಯಿ ಅಂತ ಹೆಸರೂ ಇಟ್ಟಿದಾಳೆ."

ಜುಲ್ಮೀರಾ ಚೀಲವನ್ನು ನಿಧಾನ ನೆಲಕ್ಕಿಟ್ಟಳು. ಬಾಗಿಲು ತಳ್ಳಿಕೊಂಡು ನೇರ ಅಡುಗೆಮನೆಗೆ ನಡೆದಳು. ತೆಲ್ಮಾ ಅಲ್ಲಿ ನಿಲುವಂಗಿಗೆ ಬ್ರಷ್ ಹೊಡೆಯುತ್ತಿದ್ದಳು.

"ಬಕೆಟ್ ಎಲ್ಲಿದೆ ಅಕ್ಕ?"

ತೆಲ್ಮಾ ತಂಗಿಯ ಮುಖ ನೋಡಿದಳು. ವಿಷಯ ಅರ್ಥವಾಯಿತು. "ಅಯ್ಯೋ, ಅದೊಂದು ತಮಾಷೆ ಕಣೇ. ನಮಗೂ ಮಾಡಿದ್ರು…"

"ಗೊತ್ತು. ಸೋಮವಾರದ ತನಕ ಯಾಕೆ, ಈಗ್ಲೇ ಹುಯ್ಯಿರಿ. ಇದೋ ಕೂತೆ." ಜುಲ್ಮೀರಾ ಕುರ್ಚಿ ಎಳೆದುಕೊಂಡು ಕೂತು ಕೂದಲಿನ ಕ್ಲಿಪ್ಪು ತೆಗೆದು ಮೇಜಿನ ಮೇಲಿಟ್ಟಳು. "ಹುಯ್ದು ಬೂತಾಯಿ ಅನ್ನಿ. ನಾವು ಮೂರೇ ಜನ ಇದೀವಿ. ಆಮೇಲೆ ನಗಿ. ನಾನು ನೋಡಬೇಕು."

ತೆಲ್ಮಾ ಬಾಲ್ಕನಿಗೆ ಹೋದಳು. ಬಕೆಟ್ಟಿನ ಹಿಡಿಯನ್ನೂ ಹಿಡಿದಳು. ಚೌಕವಿಲ್ಲ, ಹಾಡಿಲ್ಲ, ಕೇಕೆಯಿಲ್ಲ. ಬಿಸಿಲಿಗೆ ಉಬ್ಬಿದ ಮುಚ್ಚಳ ಸ್ವಲ್ಪ ಸರಿದದ್ದೇ ತಡ, ಅವಳಿಗೆ ಓಕರಿಕೆ ಬಂತು. ಮುಖ ಅತ್ತ ತಿರುಗಿಸಿದಳು. ಹಿಡಿ ಹಾಗೇ ಬಿಟ್ಟಳು.

"ಎದ್ದು ಹೋಗು ಮಾರಾಯ್ತಿ," ಎಂದಳು, ಯಾರ ಮುಖವನ್ನೂ ನೋಡದೆ.

ಜುಲ್ಮೀರಾ ಕ್ಲಿಪ್ಪು ಸಿಕ್ಕಿಸಿಕೊಂಡು ಇಳಿದು ಹೋದಳು. ಹೋಗುವಾಗ ವಿಯೊಲೆತಾಳ ಕಡೆ ತಿರುಗಿಯೂ ನೋಡಲಿಲ್ಲ.

ವಿಯೊಲೆತಾ ಚೀಲದಲ್ಲಿದ್ದುದನ್ನು ಬಕೆಟ್ಟಿಗೆ ಸುರಿದು ಅದನ್ನು ಎತ್ತಿದಳು.

"ಎಲ್ಲಿಗೆ?" ಎಂದಳು ತೆಲ್ಮಾ. "ಸೋಮವಾರ ಬಕೆಟ್ ಇಲ್ಲ ಅಂದ್ರೆ ನನ್ನನ್ನ ಏನಂತಾರೆ ಗೊತ್ತಾ? ನಿನ್ನ ಜೊತೆ ವರ್ಷವಿಡೀ ಯಾರೂ ಮಾತಾಡಲ್ಲ. ಆಗ ನನ್ನ ಹತ್ರ ಬಂದು ಅಳಬೇಡ."

"ಅಳಲ್ಲ ಅಂತ ಹೇಳಕ್ಕಾಗಲ್ಲ ಅಕ್ಕ," ಎಂದಳು ವಿಯೊಲೆತಾ, ಮತ್ತು ಇಳಿದಳು.

ಭಾರಕ್ಕೆ ಬಕೆಟ್ಟು ವಾಲಿ ಮೆಟ್ಟಿಲ ಮೇಲೆಲ್ಲ ತುಳುಕಿತು. ಬೀದಿಯ ಕಸದ ತೊಟ್ಟಿಗೆ ಸುರಿದು ಬಂದವಳು ಒರೆಸುವ ಬಟ್ಟೆ, ಬಿಸಿನೀರು ತಂದು ಮೇಲಿನ ಮೆಟ್ಟಿಲಿನಿಂದ ಒರೆಸತೊಡಗಿದಳು. ಎರಡನೇ ಅಂತಸ್ತಿಗೆ ಬಂದಾಗ ಒಳಗಿನಿಂದ ಜುಲ್ಮೀರಾಳ ದನಿ ಬಂತು.

"ತಣ್ಣೀರು ಹಾಕು. ಬಿಸಿನೀರು ಹಾಕಿದ್ರೆ ನಾತ ಕಲ್ಲಿಗೇ ಕೂತುಬಿಡುತ್ತೆ."

ಬಾಗಿಲು ತೆರೆಯಲಿಲ್ಲ. ವಿಯೊಲೆತಾ ನೀರು ಬದಲಾಯಿಸಿಕೊಂಡು ಬಂದು ಮತ್ತೆ ಮೇಲಿನ ಮೆಟ್ಟಿಲಿನಿಂದಲೇ ಶುರುಮಾಡಿದಳು.

ಮೇಲೆ ತೆಲ್ಮಾಳ ಫೋನು ಬಡಿದುಕೊಂಡಿತು. ಬಾಗಿಲು ತೆರೆದೇ ಇದ್ದುದರಿಂದ ಮಾತು ಮೆಟ್ಟಿಲವರೆಗೂ ಕೇಳುತ್ತಿತ್ತು.

"ಬಕೆಟ್ಟಾ? ಇಲ್ಲ ಕಣೋ… ಚೆಲ್ಲಾಯ್ತು… ಯಾರು ಅಂದ್ರೆ?"

ವಿಯೊಲೆತಾಳ ಕೈ ನಿಂತಿತು.

"ನಾನೇ ಚೆಲ್ಲಿದೆ," ಎಂದಳು ತೆಲ್ಮಾ. ಆ ಕಡೆಯವನು ಏನೋ ಕೂಗಾಡಿದ. ಅವಳು ಅಷ್ಟೂ ಹೊತ್ತು ಕೇಳಿಸಿಕೊಂಡಳು. "ಯಾಕೆ ಅಂದ್ರೆ ಏನು ಹೇಳ್ಲಿ? ನಾರ್ತಿತ್ತು ಕಣೋ."