ಉಡಿಯೊಳಗಿನ ಕಮಿಷನ್

ಏಳು ಸಮುದ್ರದಾಚೆ, ಸೂರ್ಯನೂ ಸ್ವೆಟರ್ ಹಾಕಿಕೊಂಡೇ ಹುಟ್ಟುವ ಪಟ್ಟಣದಲ್ಲಿ, ಕಿಂಗ್ಸ್‌ಬರಿ ಎಂಬ ಕೇರಿಯಲ್ಲಿ ಒಬ್ಬ ಹೊಲಿಗೆಯವಳಿದ್ದಳಂತೆ. ಅವಳ ಹತ್ತಿರ ಮಷಿನ್ ಇತ್ತಂತೆ, ಗಿರಾಕಿಗಳಿರಲಿಲ್ಲವಂತೆ. ಆಗ ಒಬ್ಬ ಮುದುಕಿ ಬಂದು, "ನಾ ಮಂದೀನ ಕರಕೊಂಡ ಬರ್ತೀನಿ, ನನಗೇನ ಕೊಡ್ತಿ?" ಎಂದು ಕೇಳಿದಳಂತೆ.

ಈ ಕಥೆ ಹೇಳುವವಳು ನನ್ನಜ್ಜಿಯಾಗಿದ್ದರೆ ಇಲ್ಲಿ ಒಬ್ಬ ರಾಕ್ಷಸನನ್ನು ತರುತ್ತಿದ್ದಳು. ನನ್ನ ಕಥೆಯಲ್ಲಿ ಬಂದವರು ಅಕೌಂಟೆಂಟ್ ತಿರುಮಲೇಶ. ಹೊಲಿಗೆಯವಳು ನಾನೇ, ಗುರುದೇವಿ. ಧಾರವಾಡದಿಂದ ಮದುವೆಯಾಗಿ ಬಂದು, ಮನೆಯಲ್ಲೇ ಬ್ಲೌಸ್ ಹೊಲಿಯುವ ಸ್ವಂತ ಕೆಲಸ ಹಚ್ಚಿಕೊಂಡವಳು. ಮುದುಕಿ ಎಂದರೆ ಬೆಳಗಾವಿಯ ಬಸಲಿಂಗವ್ವ. ಅದೇ ಪಟ್ಟಣದ ಕೊಲಿಂಡೇಲ್ ಕೇರಿಯಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾರೆ. ಕರೆತಂದ ಪ್ರತಿ ಗಿರಾಕಿಗೆ ಐದು ಪೌಂಡ್ ಎಂದು ನಾವಿಬ್ಬರೂ ನಗುತ್ತಲೇ ಮಾತಾಡಿಕೊಂಡಿದ್ದೆವು.

ಅದು 2003ರ ಮಾರ್ಚ್ ಕೊನೆ. ಏಪ್ರಿಲ್ ಐದಕ್ಕೆ ತೆರಿಗೆಯ ವರ್ಷ ಮುಗಿಯುತ್ತದೆ. ತಿರುಮಲೇಶ ನನ್ನ ಲೆಕ್ಕ ನೋಡುತ್ತ, "ಈ ಕಮಿಷನ್ನಿಗೆ ರಸೀದಿ ಎಲ್ಲಮ್ಮಾ?" ಎಂದರು.

"ಉಡಿಯೊಳಗ ಇಟ್ಟು ಕೊಟ್ಟೀನ್ರಿ."

ಅವರು ಮೈಸೂರಿನವರು, ಬಿಡಿಸಿ ಹೇಳಬೇಕಾಯಿತು. ಹಿರಿಯರ ಕೈಗೆ ರೊಕ್ಕ ಕೊಡಲು ನನಗೆ ನಾಚಿಕೆ. ಬಸಲಿಂಗವ್ವ ಹೊರಟು ನಿಂತಾಗಲೆಲ್ಲ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿಬಟ್ಟಲು, ರವಿಕೆಯ ಖಣ ಹಾಕಿ, ಖಣದ ಮಡಿಕೆಯಲ್ಲಿ ನೋಟು ಸೇರಿಸಿಬಿಡುತ್ತಿದ್ದೆ.

"ಮಡಿಲು ತುಂಬಿದ್ರೆ ಅದು ಉಡುಗೊರೆ ಕಣಮ್ಮಾ. ಉಡುಗೊರೆ ವ್ಯಾಪಾರದ ಖರ್ಚಲ್ಲಿ ಬರಲ್ಲ. ಗಿರಾಕಿ ತಂದಿದ್ದಕ್ಕೆ ಕೊಟ್ಟ ಕಮಿಷನ್ ಆದ್ರೆ ಬರುತ್ತೆ. ಆದ್ರೆ ಆಗ ಅದು ಅವರ ಆದಾಯ, ಅವರೂ ಒಪ್ಕೋಬೇಕು. ಎರಡರಲ್ಲಿ ಯಾವುದು, ನೀವೇ ಹೇಳಿ."

"ಕಮಿಷನ್ನೇ ರೀ. ಐದನೇ ತಾರೀಖಿನೊಳಗ ರಸೀದಿಗೆ ಸಹಿ ಮಾಡಿಸಿ ತರ್ತೀನ್ರಿ" ಎಂದು ಮಾತು ಕೊಟ್ಟುಬಿಟ್ಟೆ.

ಕೊಟ್ಟ ಮೇಲೆ ಹೆದರಿಕೆಯಾಯಿತು. ಈ ಊರಿನಲ್ಲಿ ನನ್ನನ್ನು "ಯವ್ವಾ" ಎಂದು ಕರೆಯುವವರು ಬಸಲಿಂಗವ್ವ ಒಬ್ಬರೇ. ಜ್ವರ ಬಂದಾಗ ಎರಡು ಬಸ್ ಬದಲಿಸಿ ಬಿಸಿ ನುಚ್ಚು ತಂದವರು. ಅವರೆದುರು ಕಾಗದ ಹಿಡಿದು, ಇದು ಪ್ರೀತಿಯಲ್ಲ, ದಲಾಲಿ ಎನ್ನಲೇ? ರಸೀದಿ ಬರೆದುಕೊಂಡು ಅವರ ಮನೆಗೆ ಹೊರಟವಳು ಬಸ್ಸಿನಲ್ಲಿ ಯೋಚಿಸುತ್ತ ಕುಳಿತು ಇಳಿಯುವ ಸ್ಟಾಪ್ ದಾಟಿಹೋಗಿ, ಹಿಂದಕ್ಕೆ ನಡೆದು ಬಂದೆ.

ಬಸಲಿಂಗವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಗಂಡ ದಾನಪ್ಪನವರು ಟಿವಿಯ ಮುಂದಿದ್ದರು. ತಡವರಿಸುತ್ತ ಎಲ್ಲ ಹೇಳಿದೆ. ಬಸಲಿಂಗವ್ವನ ಕೈ ನಿಂತಿತು.

"ಅಂದ್ರ ಆ ರೊಕ್ಕ ಉಡಿದಲ್ಲ?"

"ಅಲ್ರಿ ಅಜ್ಜಿ, ಗಿರಾಕಿದು. ತಪ್ಪ ತಿಳೀಬ್ಯಾಡ್ರಿ."

"ಹುಚ್ಚಿ, ವರ್ಷೆಲ್ಲಾ ನೀ ಕಮಿಷನ್ ಮರತೀ ಅಂತ ತಿಳಕೊಂಡೀನಿ ನಾ. ಉಡಿ ತುಂಬೂ ಹುಡುಗಿ ಕಡೆ ರೊಕ್ಕ ಹೆಂಗ ಕೇಳೂದಂತ ಬಾಯಿ ಮುಚಗೊಂಡ ಕುಂತಿದ್ದೆ."

"ಖಣದಾಗಿನ ನೋಟು ನೋಡಲಿಲ್ಲೇನ್ರಿ?"

"ನೋಡಿದೆ. ಉಡಿ ರೊಕ್ಕ ಖರ್ಚ ಮಾಡಬಾರದಂತ ನಮ್ಮತ್ತಿ ಹೇಳ್ತಿದ್ದಳು. ಎಲ್ಲಾ ಜಗಲಿ ಮ್ಯಾಲೆ ಎಲ್ಲಮ್ಮ ತಾಯಿ ಮುಂದ ಇಟ್ಟೀನಿ."

ದಾನಪ್ಪನವರು ಟಿವಿಯಿಂದ ಕಣ್ಣು ತೆಗೆಯದೆ, "ನನ್ನ ಕಡೆ ನಲವತ್ತ ವರ್ಷ ದುಡಿಸ್ಯಾಳ, ಒಂದ ರಸೀದಿ ಕೊಟ್ಟಿಲ್ಲ" ಎಂದರು.

"ನೀವ ಸುಮ್ಮ ಕುಂಡ್ರಿ. ಇದು ನಿಮ್ಮ ಸಲುವಾಗೇ ಐತಿ." ಬಸಲಿಂಗವ್ವ ನನ್ನತ್ತ ತಿರುಗಿದರು. "ಅಪ್ಪಂದು, ಗಂಡಂದು, ಮಗಂದು ದುಡಿಮಿ ಉಂಡೀನಿ ಯವ್ವಾ. ಒಮ್ಮೆ ನನ್ನ ದುಡಿಮಿಲೆ ಇವರನ್ನ ಹೊಟೇಲಿಗೆ ಕರಕೊಂಡ ಹೋಗಿ ದ್ವಾಸಿ ತಿನಸಬೇಕಂತ ಆಸೆ ಇತ್ತು."

ದಾನಪ್ಪನವರು ಟಿವಿಯ ಧ್ವನಿ ಸಣ್ಣದು ಮಾಡಿದರು.

ಬಸಲಿಂಗವ್ವ ಎದ್ದು ದೇವರ ಜಗಲಿಯ ಮುಂದೆ ನಿಂತರು. "ತಾಯಿ, ಇದು ನಿಂದಲ್ಲಂತ. ಹೊಲಿಗಿ ಹುಡುಗಿ ಗೊಂದಲ ಮಾಡ್ಯಾಳ. ಸಿಟ್ಟಾಗಬ್ಯಾಡ." ಭಂಡಾರದ ಅರಿಶಿನ ಮೆತ್ತಿದ ನೋಟುಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು. "ಈಗ ಕೊಡು. ಸೆರಗಿಗಲ್ಲ, ಕೈಗೆ."

ಕೊಟ್ಟೆ. ಅವರು ಒಂದೊಂದಾಗಿ ಎಣಿಸಿಕೊಂಡರು.

"ಇದು ನಿಮ್ಮ ಆದಾಯ ಅಂತ ಆಗ್ತದ್ರಿ ಅಜ್ಜಿ. ಸರ್ಕಾರ ಕೇಳಿದ್ರ ಹೇಳಬೇಕಾಗ್ತದ."

"ಕೇಳದಿದ್ರೂ ಹೇಳ್ತೀನಿ. ಮೊದಲ ನನ್ನ ಮಗನಿಗೆ ಹೇಳ್ತೀನಿ. ಕಾಗದದಾಗ ಏನ ಬರದಿ, ಓದು."

"ಗಿರಾಕಿಗಳನ್ನ ಕರೆತಂದದ್ದಕ್ಕೆ ಕಮಿಷನ್ ಮುಟ್ಟಿದೆ, ಅಂತ."

ಇನ್ನೊಮ್ಮೆ ಓದಿಸಿದರು. ಆಮೇಲೆ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ದುಂಡಗೆ ಮಾಡಿ ಕನ್ನಡದಲ್ಲಿ ಹೆಸರು ಬರೆದು, ಆ ದಿನದ ತಾರೀಖು ಹಾಕಿದರು.

ಮರುದಿನ ಆ ರಸೀದಿಯನ್ನು ತಿರುಮಲೇಶರ ಕೈಗಿಟ್ಟೆ.