ಒಲೆಯ ಮಸಿ

ಆ ಸಿನಿಮಾವನ್ನು ಗೂಳಪ್ಪನವರು ಟಾಕೀಸಿನಲ್ಲೇ ಒಂಬತ್ತು ಸಲ ನೋಡಿದ್ದರು. ಅದಕ್ಕೊಂದು ಒಳ್ಳೆಯ ಮರಾಠಿ ಹೆಸರಿತ್ತು, ಆದರೆ ಪುಣೆಯಲ್ಲಿ ಎಲ್ಲರ ಬಾಯಲ್ಲೂ ಅದು ಬೇಸ್‌ಬಾಲ್ ಪಿಕ್ಚರ್ ಅಂತಲೇ ಆಗಿತ್ತು. ತೊಂಬತ್ತೊಂಬತ್ತರಲ್ಲಿ ಬಂದದ್ದು. ಕಬ್ಬು ಕಡಿಯುವವನ ಮಗಳೊಬ್ಬಳು ಶಾಲೆಯ ತಂಡದಲ್ಲಿ ಬೇಸ್‌ಬಾಲ್ ಆಡುತ್ತಾಳೆ, ದೊಡ್ಡ ಶಿಬಿರಕ್ಕೆ ಆರಿಸಲ್ಪಡುತ್ತಾಳೆ, ಫಾರಂ ಮೇಲೆ ತಂದೆಯ ಸಹಿ ಬೇಕು. ಕೊನೆಯ ದಿನ. ತಂದೆಗೆ ಓದು ಬರಹ ಬಾರದು, ಸುತ್ತಮುತ್ತ ಶಾಯಿಯೂ ಇಲ್ಲ. ಆತ ಒಲೆಯ ಮೇಲಿನ ಹಂಚಿನ ಮಸಿಗೆ ಹೆಬ್ಬೆಟ್ಟು ತಿಕ್ಕಿ ಫಾರಂ ಮೇಲೆ ಒತ್ತಿ, ಕಾಗದ ಹಿಡಿದುಕೊಂಡು ಘಾಟಿ ಇಳಿದು ಓಡುತ್ತಾನೆ. ಅಲ್ಲಿಗೆ ಬಂದರೆ ಸಾಕು, ಗೂಳಪ್ಪನವರು ಕರವಸ್ತ್ರ ತೆಗೆಯುತ್ತಿದ್ದರು. ಪಕ್ಕದಲ್ಲಿ ಕೂತ ಹೆಂಡತಿ ಕಲ್ಲವ್ವ, ಇಷ್ಟು ಅಳಾಕ ನಿಮ್ಮಪ್ಪ ಸತ್ತಾಗೂ ಬಂದಿರಲಿಲ್ಲಲ್ರಿ ನಿಮಗ, ಎಂದು ಚುಡಾಯಿಸುತ್ತಿದ್ದಳು.

ಅವರು ಯಾಕೆ ಅಳುತ್ತಾರೆ ಎನ್ನುವುದು ಅವರೊಬ್ಬರಿಗೇ ಗೊತ್ತಿತ್ತು.

ಸಿನಿಮಾ ಬರುವುದಕ್ಕೆ ಮೂರು ವರ್ಷ ಮೊದಲು ಅವರ ಮಗಳು ಶೈಲಾ ಕೂಡ ಅಂಥದ್ದೇ ಒಂದು ಫಾರಂ ತಂದಿದ್ದಳು. ಹದಿನಾರರ ಹುಡುಗಿ, ಶಾಲೆಯ ತಂಡದಲ್ಲಿ ಬ್ಯಾಟು ಹಿಡಿದವರ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್. ಶಿಬಿರ ಪಂಜಾಬಿನಲ್ಲಿ, ಎರಡು ದಿನದ ರೈಲಿನ ದಾರಿ. ವಿಜಾಪುರದ ಕಡೆಯಿಂದ ಒಂದು ಸಂಬಂಧದ ಮಾತೂ ಆಗ ನಡೆದಿತ್ತು. ಹುಡುಗಿ ಅರ್ಧ ಚಡ್ಡಿ ಹಾಕಿಕೊಂಡು ಪರನಾಡಿಗೆ ಹೋದಳಂತೆ ಎಂಬ ಸುದ್ದಿ ಮುಟ್ಟಿದರೆ ಏನು ಗತಿ ಎಂದು ಗೂಳಪ್ಪನವರಿಗೆ ಹೆದರಿಕೆ. ಬೇಡ ಎಂದರೆ ಮಗಳು ವಾದಕ್ಕೆ ನಿಲ್ಲುತ್ತಾಳೆ, ವಾದದಲ್ಲಿ ಗೆಲ್ಲುತ್ತಾಳೆ ಕೂಡ. ಅದಕ್ಕೇ ಅವರು ಬೇಡ ಅನ್ನಲೇ ಇಲ್ಲ. ಸಹಿ ಮಾಡಿ ಆಫೀಸಿನ ಟಪಾಲಿನಲ್ಲೇ ಕಳಿಸುತ್ತೇನೆ ಎಂದು ಫಾರಂ ತೆಗೆದುಕೊಂಡು ಹೋಗಿ, ಮೇಜಿನ ಖಾನೆಯಲ್ಲಿ ಹಳೆಯ ಫೈಲಿನ ಕೆಳಗಿಟ್ಟರು. ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್, ಮುತ್ತಿನಂಥ ಸಹಿಗೆ ಹೆಸರಾದವರು, ಆ ಒಂದು ಕಾಗದದ ಮೇಲೆ ಮಾತ್ರ ಪೆನ್ನು ಇಡಲಿಲ್ಲ.

ಶಿಬಿರಕ್ಕೆ ಹೋಗುವವರ ಪಟ್ಟಿ ಬಂತು, ಶೈಲಾಳ ಹೆಸರಿರಲಿಲ್ಲ. ಆವತ್ತು ಅವರು ಮಗಳಿಗೆ ಹೇಳಿದ್ದು ಒಂದೇ ಮಾತು: ನಿನಗಿಂತ ಚಲೋ ಆಡೋರು ಸಿಕ್ಕಿರಬೇಕು, ತಂಗಿ.

ಅವಳು ಮತ್ತೆ ಕೈಗವಸು ತೊಡಲಿಲ್ಲ. ವಿಜಾಪುರದ ಸಂಬಂಧವೂ ಕೂಡಲಿಲ್ಲ. ಮುಂದೆ ಪುಣೆಯಲ್ಲೇ ಮದುವೆಯಾಗಿ ಕಾತ್ರಜದಲ್ಲಿ ಮನೆ ಮಾಡಿದಳು. ಬೇಸ್‌ಬಾಲ್ ಪಿಕ್ಚರಿಗೆ ಎಷ್ಟು ಕರೆದರೂ ಬಂದಿರಲಿಲ್ಲ.

ಈಗ ಎರಡು ಸಾವಿರದ ನಾಲ್ಕು. ತಿಂಗಳ ಕೊನೆಗೆ ಗೂಳಪ್ಪನವರ ನಿವೃತ್ತಿ. ಏನು ಬೇಕು ಅಪ್ಪಾ ನಿನಗ, ಎಂದು ಶೈಲಾ ಫೋನಿನಲ್ಲಿ ಕೇಳಿದಾಗ ಅವರು ಗಡಿಯಾರ, ಶಾಲು ಒಂದೂ ಕೇಳಲಿಲ್ಲ. ಆ ಪಿಕ್ಚರ್ ತೆಗೆದ ಜಾಗ ನೋಡಬೇಕು, ನನ್ನ ಜೊತೆ ನೀನೊಬ್ಬಳೇ ಬಾ, ಎಂದರು. ಅಲ್ಲಿ ಹೇಳಿಬಿಡಬೇಕು ಎಂದು ನಿಶ್ಚಯಿಸಿದ್ದರು. ಮನೆಯಲ್ಲಿ ಎಂಟು ವರ್ಷ ಬಾರದ ಮಾತು ಅಲ್ಲಾದರೂ ಬಂದೀತು ಎಂಬ ಆಸೆ.

ಸಾಸವಡದವರೆಗೆ ಬಸ್ಸು, ಅಲ್ಲಿಂದ ಮುಂದೆ ಆರು ಸೀಟಿನ ರಿಕ್ಷಾ. ಸ್ಟ್ಯಾಂಡಿನಲ್ಲಿ ಸೀತಾಫಲದ ರಾಶಿಗಳು. ದಾರಿಯುದ್ದಕ್ಕೂ ಶೈಲಾ ತನ್ನ ಅತ್ತೆ ಸಕ್ಕರೆಕಾಯಿಲೆ ಬಂದಮೇಲೂ ಪೇಢೆ ಕದ್ದು ತಿನ್ನುವ ಕಥೆ ಹೇಳಿ ನಗಿಸಿದಳು. ಗೂಳಪ್ಪನವರು ನಕ್ಕರು, ಒಳಗೊಳಗೇ ಬಾಯಿಪಾಠ ಮಾಡಿದ ಮಾತನ್ನು ಮತ್ತೆ ಮತ್ತೆ ತಿರುವಿಹಾಕಿದರು.

ಊರಿನ ಶಾಲೆಯ ಮೈದಾನ ಸಿನಿಮಾದಲ್ಲಿ ಕಂಡದ್ದಕ್ಕಿಂತ ಚಿಕ್ಕದು. ಆದರೆ ಬೇವಿನ ಮರ ಅದೇ, ಕೆಳಗಿನ ಕಲ್ಲುಬೆಂಚು ಅದೇ. ನೋಡಲು ಬಂದವರು ಇನ್ನೂ ಏಳೆಂಟು ಮಂದಿ ಇದ್ದರು. ಶೈಲಾ ಕಲ್ಲುಬೆಂಚಿನ ಕಡೆಗೆ ಹೋಗಲಿಲ್ಲ. ಬ್ಯಾಟು ಹಿಡಿದವರು ನಿಲ್ಲುವ ಕಡೆ ಸುಣ್ಣದಲ್ಲಿ ಬರೆದ ಗುರುತಿತ್ತು. ಅದರ ಹಿಂದೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕ್ಯಾಚರ್ ಕೂರುವಂತೆ ಕುಕ್ಕರಗಾಲಿನಲ್ಲಿ ಕೂತಳು. ಬೆನ್ನು ನೆಟ್ಟಗೆ, ಎರಡೂ ಅಂಗೈ ಮುಂದೆ. ಯಾರೋ ಒಬ್ಬ ಚಪ್ಪಾಳೆ ತಟ್ಟಿದ. ಅವಳು ಎದ್ದು, ಮೊಣಕಾಲು ಇನ್ನೂ ಮರೆತಿಲ್ಲ ನೋಡಪ್ಪ, ಎಂದಳು.

ಮೈದಾನದ ಅಂಚಿನಲ್ಲಿ ಚಹಾ ಮಾರುವ ಮುದುಕಿಯೊಬ್ಬಳು ತೆಂಗಿನ ಚಿಪ್ಪಿನಲ್ಲಿ ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲೆಸಿ ಇಟ್ಟುಕೊಂಡಿದ್ದಳು. ಬಂದವರೆಲ್ಲ ಅದಕ್ಕೆ ಹೆಬ್ಬೆರಳು ಅದ್ದಿ ಅಲ್ಲೇ ಇದ್ದ ಪಾಗಾರದ ಗೋಡೆಯ ಮೇಲೆ ಒತ್ತಬೇಕು, ಸಿನಿಮಾದ ತಂದೆ ಒತ್ತಿದಂತೆ. ಅದು ಅಲ್ಲಿಯ ಪದ್ಧತಿಯೇ ಆಗಿಬಿಟ್ಟಿತ್ತು. ಗೋಡೆಯ ತುಂಬ ಕಪ್ಪು ಹೆಬ್ಬೆಟ್ಟುಗಳು. ಮಗಳಿರುವ ಅಪ್ಪಂದಿರು ಮೊದಲು ಒತ್ತಬೇಕು ಎಂದು ಮುದುಕಿ ಮರಾಠಿಯಲ್ಲಿ ಹೇಳಿ, ಚಿಪ್ಪನ್ನು ಗೂಳಪ್ಪನವರ ಮುಂದೆ ಹಿಡಿದಳು.

ಶೈಲಾ ನಕ್ಕಳು. "ಒತ್ತಪ್ಪಾ. ಮೂವತ್ತೈದು ವರ್ಷ ಊರ ಮಂದಿ ಕಾಗದಕ್ಕೆಲ್ಲ ಸಹಿ ಹಾಕೀದಿ, ಒಂದು ದಿನ ಹೆಬ್ಬೆಟ್ಟಾಗು."

ಅವರು ಬೆರಳು ಅದ್ದಿದರು. ಗೋಡೆಯತ್ತ ಕೈ ಒಯ್ದರು. ಕೈ ಅಲ್ಲೇ ನಿಂತಿತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ, ಮಾತು ಬರಿಗೈಯಲ್ಲಿ ಹೊರಬಂತು.

"ನಿನ್ನ ಫಾರಂ ಮ್ಯಾಲೆ ನಾ ಸಹಿ ಮಾಡಿದ್ದಿಲ್ಲ, ತಂಗಿ. ಕಳಿಸೂ ಇಲ್ಲ. ಖಾನ್ಯಾಗ ಇಟ್ಟುಬಿಟ್ಟಿದ್ದೆ."

ಯಾವ ಫಾರಂ ಎಂದು ಅವಳು ಕೇಳಲಿಲ್ಲ. ಮುದುಕಿ ಏನೋ ಅರ್ಥವಾದವಳಂತೆ ಚಿಪ್ಪನ್ನು ಹಿಂದಕ್ಕೆಳೆದುಕೊಂಡು ಬೇರೆ ಗಿರಾಕಿಯ ಕಡೆ ತಿರುಗಿದಳು. ಶೈಲಾ ಗೋಡೆಯ ಕಡೆ ತಿರುಗಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಗೂಳಪ್ಪನವರು ಕಾದರು. ಎರಡಕ್ಕೂ ತಯಾರಾಗಿಯೇ ಬಂದಿದ್ದರು.

"ಹಂಗಾರ ಗೌರಾಬಾಯಿ ಟೀಚರ್ ನನ್ನ ಹೆಸರು ಹೊಡೆದು ಹಾಕಿದ್ದಿಲ್ಲ," ಎಂದಳು.

ಇದಕ್ಕೆ ಅವರು ತಯಾರಾಗಿರಲಿಲ್ಲ. ಗೌರಾಬಾಯಿ ಶಾಲೆಯ ಆಟದ ಟೀಚರು, ಸೊಲ್ಲಾಪುರದ ಕಡೆಯವರು, ಶೈಲಾಳಿಗೆ ಆಟ ಕಲಿಸಿದವರೂ, ಶಿಬಿರಕ್ಕೆ ಹೆಸರು ಕಳಿಸುವವರೂ ಅವರೇ.

"ಪಟ್ಟಿ ಬಂದಮ್ಯಾಲೆ ಅವರು ಮನಿತನಕ ಬಂದಿದ್ರು," ಎಂದಳು ಶೈಲಾ. "ನಾ ಒಳಗ ಕೂತಿದ್ದೆ, ಮಾರಿ ನೋಡಂಗಿಲ್ಲ ಅಂತ. ನೀ ಹೊರಗ ಹೋಗಿ ಮಾತಾಡಿದಿ. ಏನಂದಿ ಅವರಿಗೆ?"

ಸುಳ್ಳು ಹೇಳುವ ಹಾದಿ ಇನ್ನೂ ತೆರೆದಿತ್ತು. ಗೂಳಪ್ಪನವರು ಒಂದು ಕ್ಷಣ ಅದನ್ನು ನೋಡಿದರು ಕೂಡ.

"ನಿನಗ ಮನಸಿಲ್ಲ ಅಂದೆ. ಆಟ ಬ್ಯಾಸರಾಗೇದ ಅಂತಾಳ ಅಂದೆ."

ಶೈಲಾ ತಲೆಯಾಡಿಸಿದಳು, ಯಾವುದೋ ಹಳೆಯ ಲೆಕ್ಕ ತಾಳೆಯಾದವಳ ಹಾಗೆ. ಆಮೇಲೆ, ಬೇರೆ ಯಾರದೋ ಸುದ್ದಿ ಹೇಳುವಷ್ಟು ಮೆಲ್ಲಗೆ ಹೇಳಿದಳು. ಎರಡು ವರ್ಷದ ಹಿಂದೆ ಮಂಡಯಿ ಮಾರುಕಟ್ಟೆಯಲ್ಲಿ ಟೀಚರು ಎದುರಿಗೇ ಸಿಕ್ಕಿದ್ದರು, ಕೈಯಲ್ಲಿ ಮೆಂತೆಸೊಪ್ಪಿನ ಚೀಲ. ನಕ್ಕರು, ಹೆಸರು ಹಿಡಿದು ಕರೆದರು. ಇವಳು ಕಂಡೂ ಕಾಣದವಳಂತೆ ರಸ್ತೆ ದಾಟಿದಳು. ಹಿಂದಿನಿಂದ ಇನ್ನೊಮ್ಮೆ ಕರೆದದ್ದು ಕೇಳಿಸಿತ್ತು. ಹೋದ ಜೂನಿನಲ್ಲಿ ಅವರು ತೀರಿಕೊಂಡರು. ಮಣ್ಣಿಗೂ ಇವಳು ಹೋಗಲಿಲ್ಲ.

"ಎಂಟು ವರ್ಷ ಅವರ ಮ್ಯಾಲೆ ಸಿಟ್ಟು ಹಿಡದೆ, ಅಪ್ಪಾ," ಎಂದಳು. "ಅದರಾಗ ಅರ್ಧನಾದ್ರೂ ನಿನ್ನ ಮ್ಯಾಲೆ ಹಿಡದಿದ್ರ, ನೀ ತಡ್ಕೋತಿದ್ದಿ."

ಮಗಳ ಆಟವೊಂದನ್ನು ಕಸಿದೆ ಎಂಬುದಷ್ಟೇ ಇಷ್ಟು ವರ್ಷ ಗೂಳಪ್ಪನವರ ಅಳುವಾಗಿತ್ತು. ಆ ಬಾಗಿಲಲ್ಲಿ ನಿಂತು ಟೀಚರಿಗೆ ಆಡಿದ ಮಾತನ್ನು ಮಗಳು ಕೇಳುವವರೆಗೂ ಅವರು ನೆನೆದಿರಲೇ ಇಲ್ಲ.

ಮರಳುವ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿತ್ತು. ಶೈಲಾ ಮುಂದೆ ಹೋಗಿ ಹೆಂಗಸರ ಸೀಟಿನಲ್ಲಿ ಕೂತಳು. ಘಾಟಿ ಇಳಿಯುವವರೆಗೂ ಗೂಳಪ್ಪನವರು ಅವಳ ನೆತ್ತಿಯನ್ನೇ ನೋಡುತ್ತಿದ್ದರು. ಬೆರಳಿನ ಎಣ್ಣೆಮಸಿ ಕರವಸ್ತ್ರದಲ್ಲಿ ಒರೆಸಿದರೂ ಬಿಡಲಿಲ್ಲ, ಟಿಕೀಟಿನ ಮೇಲೂ ಹತ್ತಿತು, ಅಂಗಿಯ ಗುಂಡಿಗೂ ಹತ್ತಿತು. ಒತ್ತಬೇಕಾದ ಗೋಡೆಯ ಮೇಲೆ ಮಾತ್ರ ಒತ್ತಲಾಗಿರಲಿಲ್ಲ.

ಹಡಪಸರದಲ್ಲಿ ಕಾತ್ರಜದ ಬಸ್ಸಿಗೆಂದು ಅವಳು ಇಳಿದಳು. ಹಿಂದಿರುಗಿ ನೋಡದೆ ಹೋಗುತ್ತಾಳೆ ಎಂದುಕೊಂಡರೆ, ಕಿಟಕಿಯ ಹತ್ತಿರ ಬಂದಳು.

"ಅವ್ವಗ ಇದನ್ನ ನೀ ಹೇಳಬ್ಯಾಡ. ನಾ ಹೇಳ್ತೀನಿ."

"ನಾನ ಹೇಳ್ತೀನಿ, ತಂಗಿ. ತಪ್ಪು ನಂದು."

"ಬ್ಯಾಡ. ನೀ ಹೇಳಿದ್ರ ಅದು ಬರೇ ಫಾರಂ ಕಥಿ ಆಗ್ತದ, ಟೀಚರ್ ಹೆಸರು ಬರೂದಿಲ್ಲ."

ಬಸ್ಸು ಹೊರಟಿತು. ಮುಂದಿನ ಐತವಾರ ಊಟಕ್ಕೆ ಬರುತ್ತೀಯಲ್ಲ ಎಂದು ಪ್ರತಿ ಸಲದಂತೆ ಕೇಳಬೇಕೆಂದು ಗೂಳಪ್ಪನವರು ಬಾಯಿ ತೆರೆದರು. ಕೇಳಲಿಲ್ಲ.