ಬಾಯಿಗೆ ಬಿದ್ದ ಮಣ್ಣು

ನಾನೊಂದು ಅಮೋನೈಟ್, ಕಲ್ಲಾಗಿಹೋದ ಹಳೆಯ ಕಡಲಜೀವಿಯ ಚಿಪ್ಪು. ನನ್ನನ್ನು ಬರಿಯ ಕಲ್ಲು ಅಂದವರಿದ್ದಾರೆ, ಬಸವನಹುಳು ಅಂದವರಿದ್ದಾರೆ, ದೇವರು ಅಂದವರೂ ಇದ್ದಾರೆ. ಮೂರನ್ನೂ ನಾನು ಒಪ್ಪಿಲ್ಲ. ಈಗ ತಮಿಳುನಾಡಿನ ಅರಿಯಲೂರು ಇರುವ ಬಯಲು ಸಮುದ್ರವಾಗಿದ್ದ ಕಾಲದಲ್ಲಿ, ಸುಮಾರು ಏಳು ಕೋಟಿ ವರ್ಷದ ಹಿಂದೆ, ಸಾಸಿವೆ ಕಾಳಿನಷ್ಟಾಗಿ ಹುಟ್ಟಿದೆ. ಅಪ್ಪ ಯಾರು, ಅವ್ವ ಯಾರು, ಗೊತ್ತಿಲ್ಲ. ನಮ್ಮಲ್ಲಿ ಗೋತ್ರ ಕೇಳುವವರು ಇರಲಿಲ್ಲ.

ಬೆಳೆದಂತೆಲ್ಲ ನನ್ನ ಮನೆಯನ್ನು ನಾನೇ ಕಟ್ಟಿಕೊಂಡೆ. ಇರುವ ಕೋಣೆ ಸಾಲದಾದಾಗ ಮುಂದಕ್ಕೊಂದು ದೊಡ್ಡ ಕೋಣೆ, ಹಿಂದಿನದಕ್ಕೆ ಅಡ್ಡಗೋಡೆ. ಹೀಗೆ ಸುತ್ತುತ್ತ ಸುತ್ತುತ್ತ ಚಕ್ರವಾದೆ. ವಾಸ ಯಾವಾಗಲೂ ಕೊನೆಯ ಕೋಣೆಯಲ್ಲಿ. ಹಿಂದಿನವುಗಳಲ್ಲಿ ಗಾಳಿ ತುಂಬಿಕೊಂಡು ತೇಲುತ್ತಿದ್ದೆ. ಅಡ್ಡಗೋಡೆ ಚಿಪ್ಪಿಗೆ ಸೇರುವಲ್ಲಿ ಎಲೆಯಂಚಿನಂಥ ಗೆರೆ ಮೂಡುತ್ತದೆ. ಜಾತಿಗೊಂದು ಬಗೆಯ ಗೆರೆ. ನಮ್ಮ ಕುಲಕ್ಕೆ ಎರಡು ಚಾಳಿ: ಒಂದೇ ರೂಪದಲ್ಲಿ ಬಹುಕಾಲ ನಿಲ್ಲುವವರಲ್ಲ, ಮತ್ತು ಕಂಡ ಸಮುದ್ರಕ್ಕೆಲ್ಲ ಹರಡಿಕೊಳ್ಳುವವರು. ಆದ್ದರಿಂದಲೇ ಯಾವ ದೇಶದ ಬಂಡೆಯಲ್ಲಿ ನನ್ನ ಜಾತಿಯವರು ಸಿಕ್ಕರೂ ಆ ಬಂಡೆ ನನ್ನ ಕಾಲದ್ದೆಂದು ಹೇಳಬಹುದು. ನೀವು ಗೋಡೆಗೆ ತೂಗುಹಾಕುವ ಪಂಚಾಂಗ ವರ್ಷಕ್ಕೊಮ್ಮೆ ರದ್ದಿಗೆ ಹೋಗುತ್ತದೆ, ನಾವು ಇನ್ನೂ ಚಾಲ್ತಿಯಲ್ಲಿದ್ದೇವೆ.

ಒಂದು ದಿನ ಸತ್ತೆ. ತಳಕ್ಕೆ ಇಳಿದೆ. ನಾನು ವಾಸವಿದ್ದ ಕೊನೆಯ ಕೋಣೆಯೊಳಕ್ಕೆ ಸಮುದ್ರದ ಹಳದಿ ಕೆಸರು ನುಗ್ಗಿ ಬಾಯಿ ತುಂಬಿತು. ಕೆಸರು ಬಂಡೆಯಾಯಿತು, ನಾನೂ ಆದೆ. ಬಾಯಿಗೆ ಮಣ್ಣು ಬೀಳುವುದೆಂದರೆ ನಿಮ್ಮಲ್ಲಿ ಹಾಳಾಗುವ ಮಾತು. ನನ್ನ ವಿಷಯದಲ್ಲಿ ಏನಾಯಿತೋ ಕೇಳಿ.

ಬಂಡೆಯಿಂದ ನನ್ನನ್ನು ಹೊರಗೆಳೆದದ್ದು ಸಿಮೆಂಟು. ಕಾರ್ಖಾನೆಯೊಂದು ಅಲ್ಲಿ ಸುಣ್ಣಕಲ್ಲಿನ ಗಣಿ ತೋಡಿತ್ತು. ಮದ್ದಿಟ್ಟು ಒಡೆಯುವುದು, ಲಾರಿಗೆ ತುಂಬುವುದು, ಅರೆಯುವುದು. ನನ್ನ ನೆಂಟರು ಎಷ್ಟೋ ಜನ ಪುಡಿಯಾಗಿ ಯಾರದೋ ಬಚ್ಚಲ ಗೋಡೆ ಸೇರಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಸರದಿಯೂ ಬಂದಿತ್ತು. ಗಣಿಯಲ್ಲಿ ಕಲ್ಲು ಹೊರುವ ಅಂಜಲೈ ಎಂಬಾಕೆ ಬಂಡೆಯಲ್ಲಿ ನನ್ನ ಬೆನ್ನು ಕಂಡು, ಮೇಲೆ ಸುತ್ತಿಗೆ ಹಿಡಿದು ನಿಂತಿದ್ದ ಹೆಂಗಸನ್ನು ಕೂಗಿದಳು: "ಅಮ್ಮಾ, ನತ್ತೈಕಲ್ಲು!" ಬಸವನಹುಳುವಿನ ಕಲ್ಲು ಅಂತ. ಆಕೆಯನ್ನು ಮನ್ನಿಸಿದ್ದೇನೆ, ನನ್ನ ಜೀವ ಉಳಿಸಿದವಳು.

ಸುತ್ತಿಗೆಯ ಹೆಂಗಸು ಮಂದಾಕಿನಿ. ಧಾರವಾಡದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವವಳು. ಓಡಿ ಬಂದಳು, ಆದರೆ ನನ್ನನ್ನು ಕೀಳಲಿಲ್ಲ. ಮೊದಲು ಟೇಪು ಹಿಡಿದು ಗಣಿಯ ಅಂಚಿನಿಂದ ನಾನೆಷ್ಟು ಕೆಳಗಿದ್ದೇನೆಂದು ಅಳೆದಳು. ಚಿತ್ರ ಬರೆದಳು. ನನ್ನ ಸುತ್ತಲಿನ ಹಳದಿ ಮಣ್ಣನ್ನು ಒಂದು ಚೀಲಕ್ಕೂ ಕೆಳಗಿನ ಬೂದು ಪದರದ ಮಣ್ಣನ್ನು ಇನ್ನೊಂದಕ್ಕೂ ತುಂಬಿದಳು. ಆಮೇಲೆ ಉಳಿ ಇಟ್ಟಳು. ಅಂಗಡಿಯಲ್ಲಿ ಕೊಳ್ಳುವವರಿಗೆ ನನ್ನ ಅಂದ ಸಾಕು. ಆಕೆಗೆ ನಾನು ಎಲ್ಲಿದ್ದೆ ಎಂಬುದೇ ಮುಖ್ಯ. ಎಲ್ಲಿಯದೆಂದು ಗೊತ್ತಿರದ ಅಮೋನೈಟು ಬರೀ ಕಾಗದದ ಮೇಲಿಡುವ ಭಾರ.

ಅಳತೆಯನ್ನು ಆಕೆ ಎರಡೆರಡು ಸಲ ತೆಗೆದಳು. ಕಾರಣವಿತ್ತು. ಆ ಹಳದಿ ಪದರ ನಮ್ಮ ಕುಲ ಅಳಿದ ಮೇಲೆ ಬಂದದ್ದೆಂದು ಆ ಬಯಲಿನ ಭೂಪದರಗಳ ನಕ್ಷೆಯಲ್ಲಿ ಬರೆದಿತ್ತು. ಬರೆದವರು ಆ ಶಾಸ್ತ್ರದ ಹಿರಿಯರೊಬ್ಬರು. ಅಂಥ ಪದರದೊಳಗೆ ನಾನು ಆರಾಮಾಗಿ ಮಲಗಿದ್ದೆ. ಅಂದರೆ ನಕ್ಷೆ ತಪ್ಪು.

ನನ್ನನ್ನು ಹತ್ತಿಯಲ್ಲಿ ಸುತ್ತಿ, ಎದೆಗವಚಿಕೊಂಡು, ಮೂರು ಬಸ್ಸು ಬದಲಿಸಿ ಧಾರವಾಡಕ್ಕೆ ತಂದಳು. ಬೆನ್ನ ಮೇಲೆ ಬಿಳಿ ಬಣ್ಣದ ಚುಕ್ಕೆ ಹಚ್ಚಿ, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ 'ಮಂ ೪೧' ಎಂದು ಬರೆದಳು. ಬಾಯೊಳಗಿನ ಮಣ್ಣನ್ನು ಮಾತ್ರ ಮುಟ್ಟಲಿಲ್ಲ. ಫೋಟೋ ತೆಗೆದು ಮದರಾಸಿನ ಭೂವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿ, ಶಾಯಿ ಗಟ್ಟಿಯಾಗಲೆಂದು ನನ್ನನ್ನು ಮನೆಯ ಮೇಜಿನ ಮೇಲೆ ಬಿಟ್ಟು, ವಿದ್ಯಾರ್ಥಿಗಳ ಜೊತೆ ಹತ್ತು ದಿನ ಪ್ರವಾಸಕ್ಕೆ ಹೋದಳು. ಅಲ್ಲೇ ಎಡವಟ್ಟಾಯಿತು.

ಅವಳ ಮಾವ ಶೇಷಗಿರಿರಾಯರು ನಿವೃತ್ತ ಸ್ಟೇಷನ್ ಮಾಸ್ತರರು. ಮನೆತನದ ಸಾಲಿಗ್ರಾಮಗಳೆಲ್ಲ ಪಾಲಿನಲ್ಲಿ ಅಣ್ಣನ ಮನೆಗೆ ಹೋಗಿದ್ದವು. ಇವರಿಗೆ ಉಳಿದದ್ದು ಗೋಲಿಯಷ್ಟು ಒಂದು. ಆ ಕೊರಗು ಅವರಿಗೆ ಇಪ್ಪತ್ತು ವರ್ಷದ್ದು. ಸ್ನಾನ ಮುಗಿಸಿ ಬಂದವರು ಮೇಜಿನ ಮೇಲೆ ಚಕ್ರ ಕಂಡರು. ಕೇಳದೆ ಬಂದ ಸಾಲಿಗ್ರಾಮ ಬಲು ದೊಡ್ಡದೆಂದು ಅವರ ನಂಬಿಕೆ. ಕಣ್ಣಲ್ಲಿ ನೀರು ತಂದುಕೊಂಡರು. "ಮನಿ ಹುಡುಕೊಂಡು ಬಂದಾನ" ಎಂದು ಎತ್ತಿಕೊಂಡು ದೇವರ ಮನೆಗೆ ನಡೆದೇಬಿಟ್ಟರು.

ಮಾರನೆಯ ದಿನದಿಂದ ಅಭಿಷೇಕ. ಬೆನ್ನ ಮೇಲಿನ ಅಂಕಿಯನ್ನು ಅಂಗಡಿಯವರ ಗುರುತೆಂದು ತಿಳಿದು ಹುಣಸೆಹಣ್ಣಿನಿಂದ ತಿಕ್ಕಿ ತೆಗೆದರು. ಹಾಲು ಸರಿ, ಜೇನು ಸರಿ, ಮೊಸರು ಮಾತ್ರ ನನಗೆ ಆಗಿಬರದು. ನನ್ನದು ಸುಣ್ಣದ ಮೈ, ಹುಳಿ ತಾಗಿದರೆ ಸವೆಯುತ್ತದೆ. ಎಲೆಯಂಚಿನ ಗೆರೆಗಳು ದಿನದಿನಕ್ಕೆ ಮಸುಕಾದವು. ಬಾಯೊಳಗಿನ ಮಣ್ಣನ್ನೂ ತೆಗೆದು ಶುದ್ಧ ಮಾಡಬೇಕೆಂದು ರಾಯರು ದರ್ಭೆಯಿಂದ ಚುಚ್ಚಿದರು, ಬೆಳ್ಳಿಯ ಕಡ್ಡಿಯಿಂದ ಕೆದಕಿದರು. ಕೊಡಲಿಲ್ಲ ನಾನು. ಏಳು ಕೋಟಿ ವರ್ಷ ಕಚ್ಚಿ ಹಿಡಿದದ್ದನ್ನು ಒಂದು ಬೆಳ್ಳಿ ಕಡ್ಡಿಗೆ ಬಿಟ್ಟುಕೊಡುತ್ತೇನೆಯೇ?

ಸುಳ್ಳು ಹೇಳಬಾರದು, ಅವರು ನನ್ನನ್ನು ಪ್ರೀತಿಯಿಂದಲೇ ನೋಡಿಕೊಂಡರು. ಸಮುದ್ರದಲ್ಲಿ ನನ್ನನ್ನು ಯಾರೂ ಹಾಡಿ ಎಬ್ಬಿಸಿರಲಿಲ್ಲ.

ಮಂದಾಕಿನಿ ಬಂದು ಖಾಲಿ ಮೇಜು ನೋಡಿ ದೇವರ ಮನೆಯ ಹೊಸ್ತಿಲಿಗೆ ಬಂದಳು. ರಾಯರು ಕೈ ಅಡ್ಡ ಹಿಡಿದರು. ಆ ಮನೆಯಲ್ಲಿ ಸಾಲಿಗ್ರಾಮವನ್ನು ಹೆಂಗಸರು ಮುಟ್ಟುವಂತಿಲ್ಲ.

"ಮುಟ್ಟಬ್ಯಾಡ ಮಂದಾಕಿನಿ. ಅಂವ ಈಗ ದೇವರಾಗ್ಯಾನ."

"ಮಾವನವರ, ಅದು ನಾನು ಸುತ್ತಿಗಿಲೆ ಒಡದು ತಂದದ್ದು. ಗಂಡಕಿ ನದಿದಲ್ಲ, ಸಿಮೆಂಟ್ ಗಣಿದು."

"ತಂದಾಕಿ ನಾನು ಅಂತ ನೀ ತಿಳದಿ. ತಾನಾಗೇ ಬಂದಾನ ಅಂವ."

ಗಂಡ ವಾಮನ ನಡುವೆ ಬಂದು, "ಇರಲಿ ಬಿಡು, ಫೋಟೋ ಅದಾವಲ್ಲ" ಅಂದ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂಥ ಮನುಷ್ಯ. ಮಂದಾಕಿನಿ ಹಲ್ಲು ಕಚ್ಚಿ ಸುಮ್ಮನಾದಳು. ಅವಳು ಸುಮ್ಮನಾದದ್ದು ನನಗೆ ಸೇರಲಿಲ್ಲ. ತುಳಸಿಯ ಕೆಳಗೆ ಕೂತು ನಾಲ್ಕು ತಿಂಗಳು ಅವಳ ಮೇಲೆ ಸಿಟ್ಟಿನಲ್ಲಿದ್ದೆ.

ಆಮೇಲೆ ಮದರಾಸಿನಿಂದ ಪತ್ರ ಬಂತು. ನಕ್ಷೆ ಬರೆದ ಹಿರಿಯರು ಆಕ್ಷೇಪ ಎತ್ತಿದ್ದರು: ಆ ಅಮೋನೈಟು ಕೆಳಗಿನ ಹಳೆಯ ಪದರದಿಂದ ಕಿತ್ತುಬಂದು ಮೇಲಿನ ಕೆಸರಿಗೆ ಬಿದ್ದದ್ದಿರಬೇಕು, ಮಂದಾಕಿನಿಯವರು ಅಲೆಮಾರಿ ಕಲ್ಲೊಂದನ್ನು ನಂಬಿ ಮೋಸಹೋಗಿದ್ದಾರೆ. ಮುಂದಿನ ವಾರದ ಸಭೆಯಲ್ಲಿ ಕಲ್ಲನ್ನು ಮೇಜಿನ ಮೇಲಿಡಬೇಕು, ಇಲ್ಲದಿದ್ದರೆ ಲೇಖನ ವಾಪಸು ಪಡೆಯಬೇಕು. ಮತ್ತೆ ಗಣಿಗೆ ಹೋಗಿ ಇನ್ನೊಂದು ತರೋಣವೆಂದರೆ ಆ ಹಳದಿ ಪದರ ಅಷ್ಟೂ ಸಿಮೆಂಟಾಗಿ ಮಾರಾಟವಾಗಿತ್ತು. ಸಾಕ್ಷಿ ಅಂತ ಉಳಿದವನು ನಾನೊಬ್ಬ. ನಾನೋ ಗಂಧ ಹಚ್ಚಿಸಿಕೊಂಡು ಕೂತಿದ್ದೆ.

ಹೊರಡುವ ಬೆಳಿಗ್ಗೆ ಮಂದಾಕಿನಿ ಹೆಗಲಿಗೆ ಚೀಲ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಳು. ಒಳಗೆ ರಾಯರು ಮಡಿಯುಟ್ಟು ಕೂತಿದ್ದರು. ಪಕ್ಕದಲ್ಲಿ ಅತ್ತೆ ಅಂಬಕ್ಕ ಗಂಧ ತೇಯುತ್ತಿದ್ದರು. ನಲವತ್ತೆರಡು ವರ್ಷ ತೇಯ್ದ ಕೈ. ತುಳಸಿ ಬಿಡಿಸಿದ, ತಟ್ಟೆ ಬೆಳಗಿದ ಕೈ. ದೇವರನ್ನು ಮಾತ್ರ ಒಂದು ದಿನವೂ ಮುಟ್ಟಿರಲಿಲ್ಲ.

"ಮಾವನವರ, ಕೊಡ್ರಿ. ಇಲ್ಲಂದ್ರ ನಾನs ಒಳಗ ಬರತೀನಿ."

"ಪೂಜಿ ಆದ ದೇವರನ್ನ ಸಭಾಕ್ಕ ಒಯ್ತಾರೇನು?"

"ಅವರು ನನ್ನ ಮಾತು ಸುಳ್ಳು ಅಂದಾರ. ಕಲ್ಲು ಸುಳ್ಳು ಹೇಳೂದಿಲ್ಲ. ನನಗ ಅದು ಬೇಕು."

ರಾಯರು ನನ್ನ ಮೇಲೆ ಕೈ ಮುಚ್ಚಲು ಬಂದರು. ಅಷ್ಟರಲ್ಲಿ ಗಂಧದ ಸದ್ದು ನಿಂತಿತು. ಒದ್ದೆಯಾದ, ಗಂಧ ಮೆತ್ತಿದ ಬೆರಳುಗಳು ತಟ್ಟೆಯಿಂದ ನನ್ನನ್ನು ಎತ್ತಿದವು. ಅಂಬಕ್ಕ!

"ಏ, ಏನ ಮಾಡ್ಲಿಕ್ಕತ್ತಿ!" ರಾಯರ ದನಿ ಒಡೆಯಿತು.

"ಆಕಿ ಇದನ್ನ ಸುತ್ತಿಗಿಲೆ ಒಡದಾಳ, ಎದಿಗೆ ಅವಚಿಕೊಂಡು ಮೂರು ಬಸ್ ಬದಲಿ ಮಾಡ್ಯಾಳ" ಎಂದರು ಅಂಬಕ್ಕ, ಜಗಳದ ದನಿಯಲ್ಲಲ್ಲ, ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲಿ. "ಮೈಲಿಗಿ ಆಗೂದಿದ್ರ ಆವಾಗನ ಆಗಿತ್ತು. ಆದ ಮ್ಯಾಲೂ ನಾಕು ತಿಂಗಳು ನೀವು ಪೂಜಾ ಮಾಡಿರಿ. ಅಂವ ಸಿಟ್ಟಾದನೇನು?"

ರಾಯರು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. ಅಂಬಕ್ಕ ನನ್ನನ್ನು ಕೂಡಲೇ ಕೊಡಲಿಲ್ಲ. ಎರಡೂ ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ನನ್ನ ಸುತ್ತುಗಳನ್ನು ಒಳಗಿನವರೆಗೂ ಸವರಿದರು.

"ಇಷ್ಟು ತಣ್ಣಗ ಇರತದೇನು!" ಅಂದರು, ತಮ್ಮಷ್ಟಕ್ಕೆ. ಆಮೇಲೆ ಸೊಸೆಯ ಕೈಗಿತ್ತರು. "ಒಯ್ಯಿ. ಸೋತು ಬರಬ್ಯಾಡ."

ಮದರಾಸಿನಲ್ಲಿ ಹಿರಿಯರು ನನ್ನನ್ನು ಹೊರಳಿಸಿ ನೋಡಿ, "ನಂಬರು ಎಲ್ಲಿ?" ಎಂದರು. ಮಂದಾಕಿನಿ ಮುಚ್ಚಿಡಲಿಲ್ಲ. "ಅಳಿಸಿಹೋಗಿದೆ. ನಮ್ಮ ಮನೆಯಲ್ಲಿ ಇದಕ್ಕೆ ನಾಲ್ಕು ತಿಂಗಳು ಪೂಜೆಯಾಗಿದೆ" ಎಂದಳು. ಸಭೆ ಗೊಳ್ಳೆಂದಿತು. ಅವಳ ಕಿವಿ ಕೆಂಪಾದದ್ದು ಕಂಡೆ, ತಲೆ ತಗ್ಗಿದ್ದು ಕಾಣಲಿಲ್ಲ. ಎರಡು ಮಣ್ಣಿನ ಚೀಲಗಳನ್ನು ಮೇಜಿನ ಮೇಲಿಟ್ಟು ಹೇಳಿದಳು: "ಇದು ಕೆಳಗಿನ ಪದರದಿಂದ ಕಿತ್ತುಬಂದಿದ್ದರೆ ಇದರ ಬಾಯಲ್ಲಿ ಕೆಳಗಿನ ಬೂದು ಮಣ್ಣಿರಬೇಕು. ಸೂಜಿ ತಗೊಳ್ಳಿ ಸರ್. ನಾನು ಮುಟ್ಟುವುದಿಲ್ಲ, ನೀವೇ ತೆಗೆಯಿರಿ."

ಅವರಿಗೆ ಕೊಟ್ಟೆ. ಬೆಳ್ಳಿ ಕಡ್ಡಿಗೆ ಕೊಡದ್ದನ್ನು ಉಕ್ಕಿನ ಸೂಜಿಗೆ ಒಂದು ಚಿಟಿಕೆ ಕೊಟ್ಟೆ. ಹಿರಿಯರು ಮೂರೂ ಮಣ್ಣನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹಳದಿ ಮಣ್ಣಿನಲ್ಲಿ ಬರಿಗಣ್ಣಿಗೆ ಕಾಣದ ಪುಟ್ಟ ಚಿಪ್ಪುಗಳಿದ್ದವು. ಬೂದು ಮಣ್ಣಿನಲ್ಲಿದ್ದವು ಬೇರೆಯೇ ಬಗೆಯವು. ನನ್ನ ಬಾಯಲ್ಲಿದ್ದದ್ದು ಹಳದಿ ಚೀಲದ ಚಿಪ್ಪು. ನಾನು ಆ ಕೆಸರಲ್ಲೇ ಸತ್ತು ಆ ಕೆಸರಲ್ಲೇ ಹೂತವನು, ಎಲ್ಲಿಂದಲೂ ಅಲೆದು ಬಂದವನಲ್ಲ. ಹಿರಿಯರು ಮೂರನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ನೋಡಿದರು. ಆಮೇಲೆ ತಲೆಯೆತ್ತಿ, "ನಕ್ಷೆ ತಿದ್ದಬೇಕು" ಎಂದಷ್ಟೇ ಹೇಳಿದರು.

ಧಾರವಾಡದಲ್ಲಿ ರಾಯರು ಮೂರು ದಿನ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ನಾಲ್ಕನೆಯ ದಿನ ತಡೆಯಲಾರದೆ ಕೇಳಿದರು: "ಅದಕ್ಕ ವಯಸ್ಸೆಷ್ಟು?"

"ಸುಮಾರು ಏಳು ಕೋಟಿ ವರ್ಷ, ಮಾವನವರ."

"ಹಂಗಾದ್ರ ನನ್ನದೇನೂ ತಪ್ಪಿಲ್ಲ. ಅಷ್ಟು ಹಿರೇರಿಗೆ ನಮಸ್ಕಾರ ಮಾಡಬೇಕs."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ.

ಈಗ ನಾನು ಕಾಲೇಜಿನ ಕಪಾಟಿನಲ್ಲಿದ್ದೇನೆ. ಗೆರೆ ಸವೆದಿದೆ, ಮೊಸರಿನ ಗಾಯ ಮಾಯುವುದಲ್ಲ. ಗಣಿ ಈಗ ನೀರು ತುಂಬಿದ ಹೊಂಡವಂತೆ. ಅಂಕಿಯನ್ನು ಹೊಸದಾಗಿ ಬರೆದಿದ್ದಾಳೆ. ಚೀಟಿಯಲ್ಲಿ ಊರು, ಪದರ, ಆಳ, ತಾರೀಖು. ಕಂಡವರು ಅಂಜಲೈ, ತಂದವರು ಮಂದಾಕಿನಿ. ಅಂಬಕ್ಕನ ಹೆಸರಿಗೆ ಚೀಟಿಯಲ್ಲಿ ಕಾಲಮ್ಮು ಇಲ್ಲ. ಆದರೆ ವರ್ಷಕ್ಕೊಮ್ಮೆ ಅವರು ಬಂದು, ಸೊಸೆ ಕಪಾಟು ತೆರೆದು ಕೊಟ್ಟಾಗ, ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ.

ಮೊನ್ನೆ ಹೊಸ ಗುಮಾಸ್ತ ಎಲ್ಲ ಕಪಾಟುಗಳಿಗೂ 'ಮುಟ್ಟಬಾರದು' ಎಂಬ ಫಲಕ ಅಂಟಿಸುತ್ತ ಬಂದ. ಮಂದಾಕಿನಿ ನನ್ನ ಕಪಾಟಿನ ಫಲಕವನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ, ಪಾಠಕ್ಕೆ ಬಂದಿದ್ದ ಹುಡುಗಿಯರತ್ತ ನನ್ನನ್ನು ಚಾಚಿದಳು.

"ತಗೋರಿ. ಮುಟ್ಟಿ ನೋಡ್ರಿ."